ಸಂಪಾದಕರ ಉತ್ತರ: 1947ರಲ್ಲಿ ಡಾಲರಿಗೆ ಎಷ್ಟು ರೂಪಾಯಿ?

ಗೌಡ್ರೇ, ನಮಸ್ಕಾರ. ತೀರ್ಥಹಳ್ಳಿಯಿಂದ ನೀವು ಬರೆದ ಪತ್ರ ತಲುಪಿತು. ಉಳಿದ ಓದುಗರಿಗೂ ಗೊತ್ತಾಗ್ಲಿ ಅಂತ ಸಾರಾಂಶ ಹೇಳ್ಬಿಡ್ತೀನಿ: ಸ್ವಾತಂತ್ರ್ಯ ಬಂದ ದಿನ ದೇಶಕ್ಕೆ ಸಾಲ ಇರ್ಲಿಲ್ಲ, ಹಂಗಾಗಿ ಒಂದು ಡಾಲರಿಗೆ ಒಂದೇ ರೂಪಾಯಿ ಇತ್ತು ಅಂತ ನಿಮ್ಮ ಮೊಬೈಲಿಗೆ ಮೆಸೇಜ್ ಬಂದಿದೆ, ಅದು ನಿಜವಾ, ನಿಜ ಆದ್ರೆ ರೂಪಾಯಿ ಬಿದ್ದಿದ್ದು ದೇಶದ ಮರ್ಯಾದೆ ಬಿದ್ದಂಗೆ ಅಲ್ವಾ, ಮತ್ತೆ ರೂಪಾಯಿ ಬಿದ್ದಾಗ ನಮ್ಮ ಕಾಳುಮೆಣಸಿಗೆ ರೇಟ್ ಏರ್ಬೇಕಿತ್ತಲ್ಲ, ಯಾಕೆ ಏರಲ್ಲ.

ಮೊದಲನೇದು ಸುಳ್ಳು. ಆಗ ನಮ್ಮ ರೂಪಾಯಿಗೂ ಡಾಲರಿಗೂ ನೇರ ಗಂಟೇ ಇರ್ಲಿಲ್ಲ, ರೂಪಾಯಿನ ಪೌಂಡಿಗೆ ಕಟ್ಟಿದ್ರು. ಒಂದು ರೂಪಾಯಿಗೆ ಒಂದು ಶಿಲ್ಲಿಂಗ್ ಆರು ಪೆನ್ಸ್, ಅಂದ್ರೆ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ (ಆಗ ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್; ನಮ್ಮಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 12 ಪೈ). ಆ ಪೌಂಡಿಗೆ ಅಮೆರಿಕದಲ್ಲಿ 4 ಡಾಲರ್ 3 ಸೆಂಟ್ಸ್ ಸಿಗ್ತಿತ್ತು. ಭಾಗಿಸಿ ನೋಡಿ, ಒಂದು ಡಾಲರಿಗೆ ಸುಮಾರು 3 ರೂಪಾಯಿ 5 ಆಣೆ ಬರುತ್ತೆ. ಸಾಲದ ಮಾತು ಇನ್ನೂ ತಲೆಕೆಳಗು, ಎರಡನೇ ಮಹಾಯುದ್ಧಕ್ಕೆ ನಮ್ಮಿಂದ ಸರಕು ಸಾಮಾನು ತಗೊಂಡ ಬ್ರಿಟನ್ನೇ ನಮಗೆ ಸಾವಿರ ಮಿಲಿಯನ್ ಪೌಂಡಿಗೂ ಜಾಸ್ತಿ ಕೊಡೋದು ಬಾಕಿ ಇತ್ತು, ಆದ್ರೂ ರೇಟ್ ಒಂದು ಪೈಸೆ ಅಲ್ಲಾಡ್ಲಿಲ್ಲ, ಯಾಕಂದ್ರೆ ಅದು ಕಟ್ಟಿಹಾಕಿದ ರೇಟು.

ಈಗ ಮರ್ಯಾದೆ ವಿಷ್ಯ. ಇಲ್ಲಿ ಸ್ವಲ್ಪ ನಿಲ್ಬೇಕು ಗೌಡ್ರೇ. ಈ ಒಂದು ಶಿಲ್ಲಿಂಗ್ ಆರು ಪೆನ್ಸ್ ಅನ್ನೋದು 1927ರ ಕಾನೂನಿಂದ ಬಂದಿದ್ದು, ರೂಪಾಯಿ ವಿಷ್ಯ ನೋಡೋಕೆ ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹಿಲ್ಟನ್ ಯಂಗ್ ಆಯೋಗ ಹಿಂದಿನ ವರ್ಷ ಶಿಫಾರಸು ಮಾಡಿತ್ತು. ಮೊದಲನೇ ಮಹಾಯುದ್ಧಕ್ಕೂ ಮುಂಚೆ ಇದ್ದಿದ್ದು ಒಂದು ಶಿಲ್ಲಿಂಗ್ ನಾಲ್ಕು ಪೆನ್ಸ್, ಪೌಂಡಿಗೆ 15 ರೂಪಾಯಿ. ಅಂದ್ರೆ ಹೊಸ ರೇಟಲ್ಲಿ ರೂಪಾಯಿ ಬಲ ಆಯ್ತು. ಕೇಳೋಕೆ ಚೆನ್ನಾಗಿದೆ, ಆದ್ರೆ ಬೆಳೆದೋನ ಕಡೆಯಿಂದ ನೋಡಿ, ಲಂಡನ್ನಲ್ಲಿ 100 ಪೌಂಡಿಗೆ ಮಾರಿದ ಕಾಫಿಗೆ ಹಳೇ ರೇಟಲ್ಲಿ 1500 ರೂಪಾಯಿ ಬರ್ತಿತ್ತು, ಹೊಸದರಲ್ಲಿ 1333. ಅದೇ ಇಂಗ್ಲೆಂಡಿನ ಬಟ್ಟೆ ಇಲ್ಲಿಗೆ ಬಂದ್ರೆ ಅಗ್ಗ, ಇಲ್ಲಿದ್ದ ಇಂಗ್ಲಿಷ್ ಅಧಿಕಾರಿ ಊರಿಗೆ ಕಳಿಸೋ ಸಂಬಳಕ್ಕೆ ಪೌಂಡ್ ಜಾಸ್ತಿ. ಆಯೋಗದ ಒಳಗೇ ಸದಸ್ಯರಾಗಿದ್ದ ಮುಂಬೈಯ ಹತ್ತಿ ವ್ಯಾಪಾರಿ ಪುರುಷೋತ್ತಮದಾಸ್ ಠಾಕೂರ್‌ದಾಸ್ ಇದನ್ನ ಒಪ್ಪದೆ ಬೇರೆ ಟಿಪ್ಪಣಿ ಬರೆದ್ರು. ಇನ್ನೊಂದು ಸಂಗತಿ ತುಂಬಾ ಜನರಿಗೆ ಗೊತ್ತೇ ಇಲ್ಲ, 1930ರ ಜನವರಿ ಕೊನೇಲಿ ಗಾಂಧೀಜಿ ಸರ್ಕಾರದ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆ ತೆಗೀರಿ, ಭೂಕಂದಾಯ ಅರ್ಧ ಮಾಡಿ ಅನ್ನೋದರ ಜೊತೆಗೆ ರೂಪಾಯಿನ ಒಂದು ಶಿಲ್ಲಿಂಗ್ ನಾಲ್ಕು ಪೆನ್ಸಿಗೆ ಇಳಿಸಿ ಅನ್ನೋದೂ ಇತ್ತು. ರೂಪಾಯಿ ಬೆಲೆ ಇಳಿಸಿ ಅಂತ ಕೇಳಿದೋರು ಗಾಂಧೀಜಿ! ನಮ್ಮ ಸಾಗರದ ಪಕ್ಕದ ಸಿದ್ದಾಪುರದಲ್ಲಿ, ಅತ್ಲಾಗೆ ಅಂಕೋಲಾದಲ್ಲಿ ರೈತರು ಕಂದಾಯ ಕೊಡಲ್ಲ ಅಂತ ಮನೆ ಜಮೀನು ಕಳ್ಕೊಂಡಿದ್ದು ಅದೇ ಹೊತ್ತಲ್ಲಿ, ಪ್ರಪಂಚದಲ್ಲೆಲ್ಲಾ ಬೆಳೆಗೆ ಬೆಲೆ ಕುಸಿದಿದ್ದ ಕಾಲದಲ್ಲಿ. ಹಂಗಾಗಿ ಬಲವಾದ ರೂಪಾಯಿ ಅಂದ್ರೆ ಬಲವಾದ ದೇಶ ಅನ್ನೋದನ್ನ ನಾನು ಒಪ್ಪಲ್ಲ. ಯಾರಿಗೆ ಬಲ ಅಂತ ಕೇಳ್ಬೇಕು.

ಸ್ವಾತಂತ್ರ್ಯದ ನಂತರದ್ದು ಬೇಗ ಹೇಳ್ತೀನಿ. 1949ರ ಸೆಪ್ಟೆಂಬರಲ್ಲಿ ಬ್ರಿಟನ್ ಪೌಂಡನ್ನ 2.80 ಡಾಲರಿಗೆ ಇಳಿಸ್ತು, ನಾವೂ ಜೊತೆಗೇ ಇಳಿದ್ವಿ, ಡಾಲರ್ 4.76 ರೂಪಾಯಿ ಆಯ್ತು. ಪಾಕಿಸ್ತಾನ ಇಳಿಸ್ಲಿಲ್ಲ, ಅವರ 100 ರೂಪಾಯಿಗೆ ನಮ್ಮ 144 ಕೇಳಿದ್ರು, ಅದೇ ಜಗಳದಲ್ಲಿ ಎರಡೂ ದೇಶದ ಸಣಬಿನ ವ್ಯಾಪಾರ ನಿಂತೇಹೋಯ್ತು. 1966 ಜೂನ್ 6ಕ್ಕೆ ಇಂದಿರಾ ಗಾಂಧಿ ಸರ್ಕಾರ 7.50 ಮಾಡ್ತು, ಹಿಂದಿನ ವರ್ಷ ಯುದ್ಧ ಆಗಿತ್ತು, ಮಳೆ ಕೈಕೊಟ್ಟಿತ್ತು, ಹೊರಗಿನ ನೆರವೂ ನಿಂತಿತ್ತು. ಇದಕ್ಕೆ ಕೆಲವರು 36.5 ಪರ್ಸೆಂಟ್ ಅಂತಾರೆ ಕೆಲವರು 57.5 ಅಂತಾರೆ, ಎರಡೂ ಸರೀನೇ, ರೂಪಾಯಿ ಕಳ್ಕೊಂಡಿದ್ದು 36.5, ಡಾಲರ್ ತುಟ್ಟಿ ಆಗಿದ್ದು 57.5. ಆದ್ರೆ ಅದರ ಲಾಭ ನಮ್ಮ ಕೊಪ್ಪ, ಶೃಂಗೇರಿ ಕಡೆ ಕಾಫಿ ಬೆಳೆಗಾರರ ಕೈಗೆ ನೇರವಾಗಿ ಬರೋ ದಾರಿನೇ ಇರ್ಲಿಲ್ಲ, ಬೆಳೆ ಪೂರ್ತಿ ಕಾಫಿ ಬೋರ್ಡಿನ ಪೂಲಿಗೆ ಕೊಡ್ಬೇಕಿತ್ತು, ಮಾರೋದು ಬೋರ್ಡು. 1991 ಜುಲೈ 1 ಮತ್ತು 3ಕ್ಕೆ ಎರಡು ಕಂತಲ್ಲಿ ಇಳಿಸಿದ್ದು, ರಿಸರ್ವ್ ಬ್ಯಾಂಕಿನ ಚಿನ್ನ ಲಂಡನ್ನಿಗೆ ಅಡವಿಗೆ ಹೋಗಿದ್ದು ನಿಮಗೆ ನೆನಪಿರುತ್ತೆ. 1993ರ ಮಾರ್ಚಿಂದ ರೇಟ್ ಮಾರುಕಟ್ಟೇದು, ಆಗ 31ರ ಆಸುಪಾಸಿತ್ತು, 2022ರಲ್ಲಿ 80 ದಾಟಿತು.

ಬರೀ ಅಂಕಿ ನೋಡಿ ದೇಶ ಅಳೆಯೋದಾದ್ರೆ ಜಪಾನನ್ನ ಏನನ್ನೋಣ? 1949ರಿಂದ 1971ರವರೆಗೆ ಡಾಲರಿಗೆ 360 ಯೆನ್, ನಮ್ಮ ಒಂದು ರೂಪಾಯಿಗೇ 75 ಯೆನ್ ಸಿಗ್ತಿದ್ದ ಕಾಲ ಇತ್ತು, ಅಷ್ಟರಲ್ಲೇ ಅವರು ಕಾರು ರೇಡಿಯೋ ಮಾಡಿ ಪ್ರಪಂಚಕ್ಕೆಲ್ಲಾ ಮಾರಿದ್ರು. ಹಾಗಂತ ರೂಪಾಯಿ ಬಿದ್ರೆ ಒಳ್ಳೇದು ಅಂತಲ್ಲ. ಬೇರೆ ದೇಶಕ್ಕಿಂತ ನಮ್ಮಲ್ಲಿ ಬೆಲೆಯೇರಿಕೆ ವರ್ಷಾ ವರ್ಷಾ ಜಾಸ್ತಿ ಇದ್ರೆ ರೂಪಾಯಿ ಇಳಿಯುತ್ತೆ, ಬೇಜಾರು ಮಾಡ್ಕೋಬೇಕಾಗಿರೋದು ಆ ಬೆಲೆಯೇರಿಕೆಗೆ.

ಇನ್ನು ಮೆಣಸು. ಪ್ರಪಂಚದಲ್ಲಿ ಅತಿ ಹೆಚ್ಚು ಮೆಣಸು ಬೆಳೆಯೋದು ವಿಯೆಟ್ನಾಂ, ರೇಟ್ ಡಾಲರಲ್ಲಿ. ಡಾಲರ್ ರೂಪಾಯಿ ಲೆಕ್ಕದಲ್ಲಿ ಐದು ಪರ್ಸೆಂಟ್ ಏರಿ, ಅಲ್ಲಿ ಬೆಳೆ ಜಾಸ್ತಿಯಾಗಿ ಮೆಣಸಿನ ಡಾಲರ್ ರೇಟೇ ಹತ್ತು ಪರ್ಸೆಂಟ್ ಇಳಿದ್ರೆ ನಮಗೆ ಸಿಗೋದು ಕಮ್ಮಿನೇ. ಜೊತೆಗೆ ನಮ್ಮ ಮೆಣಸು ಜಾಸ್ತಿ ಖರ್ಚಾಗೋದು ದೇಶದ ಒಳಗೇ. 2017ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ಬೆಲೆ ಇಟ್ಟಿದ್ದು, 2023ರಲ್ಲಿ ಅಡಿಕೆಗೆ ಅದನ್ನ 351ಕ್ಕೆ ಏರಿಸಿದ್ದು, ಇವು ನಮ್ಮ ಮಂಡಿ ರೇಟಿಗೆ ವಿನಿಮಯ ದರದಷ್ಟೇ ಮುಖ್ಯ. ಖರ್ಚಿನ ಕಡೆ ಮಾತ್ರ ಡಾಲರ್ ಏರಿದ್ದು ನೇರವಾಗಿ ತಟ್ಟುತ್ತೆ: ಪೊಟ್ಯಾಷ್ ಬರೋದು ಹೊರದೇಶದಿಂದ, ಅಡಿಕೆ ಕೊಳೆ ರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತ ಆಗೋದು ತಾಮ್ರದಿಂದ, ಆ ತಾಮ್ರದ ರೇಟ್ ಗೊತ್ತಾಗೋದು ಲಂಡನ್ನಲ್ಲಿ ಡಾಲರ್ ಲೆಕ್ಕದಲ್ಲಿ, ಸ್ಪ್ರೇಯರಿನ ಪೆಟ್ರೋಲೂ ಹಂಗೇ.

ನಿಮ್ಮ ಮನೇಲಿ 1966 ಅಥ್ವಾ 1991ರ ಸುತ್ತಮುತ್ತಿನ ಮಂಡಿ ಪಟ್ಟಿ, ಸೊಸೈಟಿ ಗೊಬ್ಬರದ ರಶೀದಿ ಏನಾದ್ರೂ ಉಳಿದಿದ್ರೆ ಫೋಟೋ ತೆಗೆಸಿ ಕಳ್ಸಿ ಗೌಡ್ರೇ, ಬೇರೆ ಓದುಗರೂ ಕಳ್ಸಿ, ಇಳಿಸೋಕೆ ಮುಂಚೆ ಮತ್ತು ಆಮೇಲೆ ನಮ್ಮ ಕಡೆ ಬೆಲೆ ಎಷ್ಟೆಷ್ಟಿತ್ತು ಅಂತ ಪಕ್ಕಪಕ್ಕ ಇಟ್ಟು ಪ್ರಿಂಟ್ ಮಾಡ್ತೀವಿ.