ಒಟ್ಟಾವದ ಹಿಮಕ್ಕೆ ಯಾವ ಕಾರು?

ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಹೆಂಡತಿ, ಪುಟ್ಟ ಮಗಳ ಜೊತೆ ದಾವಣಗೆರೆಯಿಂದ ಕೆನಡಾದ ಒಟ್ಟಾವಕ್ಕೆ ಬರುತ್ತಿದ್ದೀರಿ. ಹಿಮದಲ್ಲಿ ಓಡಿಸೋಕೆ ದೊಡ್ಡ ಎಸ್‌ಯುವಿನೇ ಬೇಕಾ ಅಂತ ಕೇಳಿದ್ದೀರಿ. ಬೇಡ. ಬಂದ ಹೊಸದರಲ್ಲೇ ಅಷ್ಟು ಸಾಲ ಮಾಡಬೇಡಿ. ಕೊರೊಲಾ, ಸಿವಿಕ್ ಥರದ ಫ್ರಂಟ್ ವೀಲ್ ಡ್ರೈವ್, ಅಂದರೆ ಎಂಜಿನ್ ಮುಂದಿನ ಎರಡೇ ಚಕ್ರ ತಿರುಗಿಸುವ ಕಾರು ಊರೊಳಗೆ ಸಾಕು. ಆದರೆ ನಾಲ್ಕೂ ಚಕ್ರಕ್ಕೆ ಒಳ್ಳೆಯ ವಿಂಟರ್ ಟೈರ್ ಇರಲೇಬೇಕು.

ಕಾರು ಮಾರುವವರು ಮೊದಲು ಆಲ್ ವೀಲ್ ಡ್ರೈವ್, ಅಂದರೆ ಎಂಜಿನ್ ನಾಲ್ಕೂ ಚಕ್ರ ತಿರುಗಿಸುವ ಕಾರು ತಗೊಳ್ಳಿ ಅಂತಾರೆ. ಅದರಿಂದ ಉಪಯೋಗ ಇದೆ. ಹಿಮದಲ್ಲಿ ಸಿಕ್ಕಿಕೊಳ್ಳದೆ ಹೊರಡುತ್ತದೆ, ಏರು ಹತ್ತುತ್ತದೆ. ಬ್ರೇಕ್ ಹಾಕಿದಾಗ ಮಾತ್ರ ಅದರಿಂದ ಸಹಾಯ ಇಲ್ಲ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕೂ ಚಕ್ರಕ್ಕೆ ಇರುತ್ತದೆ ಅಲ್ವಾ? ಕಾರನ್ನು ನಿಲ್ಲಿಸುವುದು ನೆಲ ಹಿಡಿಯುವ ರಬ್ಬರು. ಸಲೀಸಾಗಿ ಹೊರಟಿತು ಅನ್ನೋ ಧೈರ್ಯದಲ್ಲಿ ಜನ ಸ್ಪೀಡ್ ಜಾಸ್ತಿ ಮಾಡುತ್ತಾರೆ. ನನಗೆ ಭಯ ಆಗುವುದು ಅಲ್ಲೇ.

ಕಾರಿನ ಜೊತೆ ಬರುವ ಆಲ್ ಸೀಸನ್ ಟೈರಿನ ಹೆಸರು ನಂಬಬೇಡಿ. ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದರೆ ಅದರ ರಬ್ಬರು ಗಟ್ಟಿಯಾಗಿ ಹಿಡಿತ ಕಡಿಮೆಯಾಗುತ್ತದೆ. ಇಲ್ಲಿ ಜನವರಿಯಲ್ಲಿ ಮೈನಸ್ 20 ಏನೂ ವಿಶೇಷ ಅಲ್ಲ. ವಿಂಟರ್ ಟೈರಿನ ರಬ್ಬರು ಆ ಚಳಿಯಲ್ಲೂ ಮೆತ್ತಗಿರುತ್ತದೆ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇದೆಯಾ ನೋಡಿ. ದುಡ್ಡು ಉಳಿಸೋಕೆ ಮುಂದಿನ ಎರಡಕ್ಕೆ ಮಾತ್ರ ಹಾಕಿಸಬೇಡಿ. ತಿರುವಿನಲ್ಲಿ ಹಿಂಭಾಗ ಜಾರಿ ಕಾರು ಗಿರಕಿ ಹೊಡೆಯುತ್ತದೆ.

ಒಟ್ಟಾವ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ವಿಂಟರ್ ಟೈರ್ ಕಡ್ಡಾಯ ಅಲ್ಲ, ಆದರೆ ಹಾಕಿಸಿದವರಿಗೆ ಇನ್ಶೂರೆನ್ಸ್‌ನಲ್ಲಿ ರಿಯಾಯಿತಿ ಇದೆ, ಕೇಳಿ ಪಡೆಯಿರಿ. ಬಾಡಿಗೆ ಕಡಿಮೆ ಅಂತ ನದಿಯಾಚೆ ಗ್ಯಾಟಿನೋದಲ್ಲಿ ಮನೆ ಮಾಡಿದರೆ ನೀವು ಪಕ್ಕದ ಕ್ವಿಬೆಕ್ ಪ್ರಾಂತ್ಯದವರಾಗುತ್ತೀರಿ. ಅಲ್ಲಿ ನೋಂದಣಿಯಾದ ಕಾರಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಾನೂನು. ಎಲ್ಲಿದ್ದರೂ ಅಕ್ಟೋಬರ್‌ನಲ್ಲೇ ಗ್ಯಾರೇಜಿನಲ್ಲಿ ದಿನ ಗೊತ್ತುಮಾಡಿ. ಮೊದಲ ಹಿಮ ಬಿದ್ದ ಮೇಲೆ ಜಾಗ ಸಿಗೋದು ಕಷ್ಟ. ಬೇರೆ ರಿಮ್ ಮೇಲೆ ಕೂರಿಸಿಟ್ಟರೆ ಪ್ರತಿ ಸಲ ಬದಲಿಸುವ ಖರ್ಚು ಕಡಿಮೆ.

ಮನೆ ಊರಾಚೆ, ಹಿಮ ತೆಗೆಯುವ ಗಾಡಿ ತಡವಾಗಿ ಬರುವ ಕಡೆ ಆದರೆ ನನ್ನ ಮಾತು ಬೇರೆ. ಆಗ ಸುಬಾರು ಕ್ರಾಸ್‌ಟ್ರೆಕ್‌ನಂಥದ್ದು ನೋಡಿ. ನೆಲದಿಂದ ಎತ್ತರ ಇರುತ್ತದೆ, ಆಲ್ ವೀಲ್ ಡ್ರೈವ್ ಕೂಡ ಇದೆ. ಅದಕ್ಕೂ ವಿಂಟರ್ ಟೈರ್ ಬೇಕು.

ಹಳೆ ಕಾರು ತಗೊಂಡರೆ ಮೊದಲು ಅಡಿಭಾಗ ನೋಡಿಸಿ. ಇಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ, ಮೇಲೆ ಬಣ್ಣ ಫಳಫಳ ಅಂದರೂ ಕೆಳಗೆ ತುಕ್ಕು ತಿಂದಿರುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಬದಲಿಸಿ. ಬಿಸಿ ಸೀಟು, ರಿಮೋಟ್ ಸ್ಟಾರ್ಟ್ ಇದ್ದರೆ ಸುಖ, ಇಲ್ಲದಿದ್ದರೂ ನಡೆಯುತ್ತದೆ.

ನೀವು ಕೇಳಿಲ್ಲ, ಆದರೂ ಮಗಳ ವಿಷಯ ಹೇಳಲೇಬೇಕು. ಊರಿಂದ ಕಾರ್ ಸೀಟ್ ಹೊತ್ತು ತರಬೇಡಿ. ಕೆನಡಾದ ಸುರಕ್ಷತಾ ಗುರುತು ಇರುವುದನ್ನೇ ಇಲ್ಲಿ ಬಳಸಬೇಕು. ದಪ್ಪ ಜಾಕೆಟ್ ಹಾಕಿದ ಮಗುವನ್ನು ಹಾಗೇ ಸೀಟಿಗೆ ಕಟ್ಟಬೇಡಿ. ಡಿಕ್ಕಿಯಾದಾಗ ಜಾಕೆಟ್ ಅದುಮಿಕೊಂಡು ಬೆಲ್ಟ್ ಸಡಿಲವಾಗುತ್ತದೆ. ತೆಳು ಬಟ್ಟೆಯಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ಮೇಲೆ ಕಂಬಳಿ ಹೊದಿಸಿ.

ನಿಮ್ಮ ಬಜೆಟ್ ಎಷ್ಟು, ಮನೆ ಯಾವ ಕಡೆ ಅಂತ ತಿಳಿಸಿ. ಹಳೆ ಕಾರಾದರೆ ನೋಡೋಕೆ ನಾನೂ ಜೊತೆಗೆ ಬರುತ್ತೇನೆ.