ಟೆಲಿಕಾಸ್ಟರ್: ಸ್ವಿಚ್ ನಡುವೆ ಇಟ್ಟರೆ ಸದ್ದು ತೆಳ್ಳಗೆ
ಟೆಲಿಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್‌ಗೆ ಹೊಸ ಬ್ರಿಡ್ಜ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ, ಬ್ರಿಡ್ಜ್ ಕಡೆಯದು) ಹಾಕಿದ ಮೇಲೆ, ಸ್ವಿಚ್ ನಡುವೆ ಇಟ್ಟು ಎರಡೂ ಪಿಕಪ್ ಸೇರಿದಾಗ ಮಾತ್ರ ಸದ್ದು ತೆಳ್ಳಗೆ, ಮೂಗಿನಲ್ಲಿ ಹಾಡಿದ ಹಾಗೆ ಅಂದರೆ ಬಹುಶಃ ಫೇಸ್ ಉಲ್ಟಾ ಆಗಿದೆ, ಅಂದರೆ ಎರಡರ ಸಂಕೇತಗಳು ಒಂದನ್ನೊಂದು ಕಡಿದು ಹಾಕುತ್ತಿವೆ. ಪಿಕಪ್ ಕೆಟ್ಟಿಲ್ಲ, ಸುಮ್ನೆ ವಾಪಸ್ ಕಳಿಸಬೇಡಿ.

ಮೊದಲು ಖಚಿತ ಮಾಡಿಕೊಳ್ಳಿ. ಗಿಟಾರ್‌ಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಇಡಿ. ಕೇಬಲ್‌ನ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿಯಿರಿ, 20 ಕಿಲೋ ಓಮ್‌ನಲ್ಲಿ. ಒಂದು ಪಿಕಪ್ ಆರಿಸಿ, ಅದರ ಮೇಲೆ ಸ್ಕ್ರೂಡ್ರೈವರ್ ತಾಗಿಸಿ ಪಟ್ಟನೆ ಎತ್ತಿ. ಅಂಕಿ ಒಂದು ಕ್ಷಣ ಮೇಲಕ್ಕೋ ಕೆಳಕ್ಕೋ ಜಿಗಿಯುತ್ತದೆ. ಇನ್ನೊಂದರಲ್ಲಿ ವಿರುದ್ಧ ದಿಕ್ಕಿಗೆ ಜಿಗಿದರೆ ಅದೇ ಕಾರಣ.

ಆಗ ನೆಕ್ (ಗಿಟಾರ್ ಕುತ್ತಿಗೆ ಕಡೆಯ) ಪಿಕಪ್‌ನ ಎರಡು ವೈರ್ ಅದಲುಬದಲು ಮಾಡಿ. ಎಲ್ಲರೂ ಎಡವುವುದು ಇಲ್ಲೇ: ಅದರ ಲೋಹದ ಕವರ್ ಸಾಮಾನ್ಯವಾಗಿ ಗ್ರೌಂಡ್ ವೈರ್‌ಗೇ ಸೇರಿರುತ್ತದೆ. ಆ ಕೊಂಡಿ ಕತ್ತರಿಸಿ, ಕವರ್‌ನಿಂದ ಬೇರೆ ವೈರ್ ಎಳೆದು ವಾಲ್ಯೂಮ್ ಪಾಟ್ (ವಾಲ್ಯೂಮ್ ಗುಂಡಿಯ ಕೆಳಗಿನ ಭಾಗ) ಬೆನ್ನಿಗೆ ಬೆಸುಗೆ ಹಾಕಿ. ಇಲ್ಲದಿದ್ದರೆ ಗುಂಯ್‌ಗುಡುವುದು ಜಾಸ್ತಿಯಾಗುತ್ತದೆ.

ಎರಡೂ ಒಂದೇ ಕಡೆ ಜಿಗಿದರೆ ಸ್ವಿಚ್‌ನ ಬೆಸುಗೆ ನೋಡಿ.