ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಮಳೆಗಾಲದಲ್ಲಿ ಬ್ಲಾಗ್ ಬರೆಯಲು ಕಂಪ್ಯೂಟರಿನಲ್ಲೇ ಇರುವ ಯಾವ ಸಾಫ್ಟ್‌ವೇರ್ ಒಳ್ಳೆಯದು?

ಹೊಸನಗರದ ಕಡೆ ತೋಟದ ಮನೆ, ವಿಂಡೋಸ್ ಕಂಪ್ಯೂಟರ್, ಸ್ವಂತ ವಿಳಾಸದ ವರ್ಡ್‌ಪ್ರೆಸ್ ಬ್ಲಾಗ್, ಬ್ರೌಸರಿನಲ್ಲಿ ಬರೆಯುತ್ತಿರುವಾಗಲೇ ನೆಟ್ ಹೋಗಿ ಬರೆದದ್ದೆಲ್ಲ ಮಾಯ ಎಂದಿದ್ದೀರಿ. ನಿಮಗೆ ನಾನು ಹೇಳುವುದು ಓಪನ್ ಲೈವ್ ರೈಟರ್. ಮೈಕ್ರೋಸಾಫ್ಟಿನ ಹಳೆಯ ವಿಂಡೋಸ್ ಲೈವ್ ರೈಟರ್ 2015ರ ಡಿಸೆಂಬರಿನಲ್ಲಿ ಮುಕ್ತ ತಂತ್ರಾಂಶವಾದಾಗ ಬಂದ ಹೆಸರು ಇದು. ದುಡ್ಡು ಕೊಡಬೇಕಿಲ್ಲ. ಬರೆಯಲು ನೆಟ್ ಬೇಡ, ಕಳಿಸುವ ಹೊತ್ತಿಗೆ ಮಾತ್ರ ಸಾಕು.

ಮೊದಲು ನಿಮ್ಮ ಬ್ಲಾಗ್ ಇದಕ್ಕೆ ಬಾಗಿಲು ತೆರೆಯುತ್ತದೆಯೇ ನೋಡಿಕೊಳ್ಳಿ. ಬ್ರೌಸರಿನಲ್ಲಿ ಬ್ಲಾಗಿನ ವಿಳಾಸದ ಕೊನೆಗೆ ಓರೆಗೆರೆ ಹಾಕಿ, ಎಕ್ಸ್‌ಎಂಎಲ್‌ಆರ್‌ಪಿಸಿ ಡಾಟ್ ಪಿಎಚ್‌ಪಿ ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಸೇರಿಸಿ ತೆರೆಯಿರಿ. 'ಪೋಸ್ಟ್ ರಿಕ್ವೆಸ್ಟ್ಸ್ ಓನ್ಲಿ' ಎಂದು ಕೊನೆಯಾಗುವ ಒಂದು ಸಾಲು ಬಂದರೆ ದಾರಿ ಸರಿಯಿದೆ. 403, ಅಂದರೆ ಪ್ರವೇಶವಿಲ್ಲ, ಎಂದು ಬಂದರೆ ಯಾವುದೋ ಸೆಕ್ಯುರಿಟಿ ಪ್ಲಗಿನ್ ಅಥವಾ ಹೋಸ್ಟಿಂಗಿನವರು ತಡೆದಿದ್ದಾರೆ. ಅದನ್ನು ಬಿಡಿಸದೆ ಮುಂದೆ ಎಷ್ಟು ಗುದ್ದಾಡಿದರೂ ಪ್ರಯೋಜನವಿಲ್ಲ.

ಲಾಗಿನ್‌ಗೆ ಮಾಮೂಲಿ ಪಾಸ್‌ವರ್ಡ್ ಕೊಡಬೇಡಿ. ವರ್ಡ್‌ಪ್ರೆಸ್ 5.6ರಿಂದ ಈಚೆಗೆ ಪ್ರೊಫೈಲ್ ಪುಟದ ಕೆಳಗೆ 'ಅಪ್ಲಿಕೇಶನ್ ಪಾಸ್‌ವರ್ಡ್ಸ್' ಇದೆ. ಅಲ್ಲಿ ಸಿಗುವ 24 ಅಕ್ಷರದ ಪಾಸ್‌ವರ್ಡ್ ಒಂದೇ ಸಲ ಕಾಣುವುದು, ಆಗಲೇ ನಕಲು ಮಾಡಿಟ್ಟುಕೊಳ್ಳಿ.

ಖಾತೆ ಜೋಡಿಸುವಾಗ, ನಿಮ್ಮ ಬ್ಲಾಗಿನ ವಿನ್ಯಾಸ ತಿಳಿಯಲು ತಾತ್ಕಾಲಿಕ ಪೋಸ್ಟ್ ಒಂದನ್ನು ಹಾಕಿ ಅಳಿಸಲೇ ಎಂದು ಅದು ಕೇಳುತ್ತದೆ. ಬೇಡ ಎನ್ನಿ. ಹಾಕಿದ ಮೇಲೆ, ಅಳಿಸುವ ಮೊದಲು ನೆಟ್ ಕಡಿದರೆ 'ಟೆಂಪರರಿ ಪೋಸ್ಟ್' ಎಂಬ ತಲೆಬರಹದ ಆ ಕಸ ಬ್ಲಾಗಿನ ಮೇಲೇ ಉಳಿಯುತ್ತದೆ, ಇಮೇಲ್ ಚಂದಾದಾರರಿದ್ದರೆ ಅವರಿಗೂ ಹೋಗುತ್ತದೆ.

ಕನ್ನಡದ್ದೇ ಆದ ತೊಡಕುಗಳು ಬೇರೆ ಇವೆ, ನಿಜವಾಗಿ ಪರೀಕ್ಷಿಸಬೇಕಾದದ್ದು ಅವನ್ನೇ. 'ಪಂಪ್‌ಸೆಟ್' ಎಂದು ಬರೆಯಿರಿ. ಪ-ಕ್ಕೂ ಸೆ-ಗೂ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರುಗಳು ಬಳಸುವ ಸಮಾನ ಸಂಕೇತ ಪದ್ಧತಿ) ಅಕ್ಷರ ಕೂತಿದ್ದರೆ ಮಾತ್ರ ಅದು ಹೀಗೆ ಬಿಡಿಯಾಗಿ ನಿಲ್ಲುತ್ತದೆ. ಇಲ್ಲದಿದ್ದರೆ 'ಪಂಪ್ಸೆಟ್' ಆಗಿಬಿಡುತ್ತದೆ. ವಿಂಡೋಸಿನ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಅದು ಕಂಟ್ರೋಲ್, ಶಿಫ್ಟ್, 2 ಒಟ್ಟಿಗೆ ಒತ್ತಿದರೆ ಬರುತ್ತದೆ. 'ರ‍್ಯಾಂಕ್' ಎಂಬುದನ್ನೂ (ಇದರಲ್ಲೂ ಅಂಥದೇ ಇನ್ನೊಂದು ಕಾಣದ ಅಕ್ಷರವಿದೆ) ಸೇರಿಸಿ, ಒಂದು ಉಪಶೀರ್ಷಿಕೆ, ಒಂದು ಕೊಂಡಿ, ಒಂದು ಫೋಟೋ ಹಾಕಿ ಕರಡಾಗಿ ಕಳಿಸಿ. ನೇರ ಪಬ್ಲಿಶ್ ಬೇಡ, 'ಪೋಸ್ಟ್ ಡ್ರಾಫ್ಟ್ ಟು ಬ್ಲಾಗ್' ಒತ್ತಿ. ವರ್ಡ್‌ಪ್ರೆಸ್ ಒಳಗೆ ಆ ಕರಡು ತೆರೆದು ಎರಡೂ ಪದ ಹಾಗೇ ಇವೆಯೇ ನೋಡಿ.

ನುಡಿ, ಬರಹದಲ್ಲಿ ಬಹಳ ಹಿಂದೆ ಟೈಪ್ ಮಾಡಿದ ಕಡತಗಳಿದ್ದರೆ ಅವು ಯೂನಿಕೋಡ್ ಆಗಿರುವುದಿಲ್ಲ. ನೇರ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಪರಿವರ್ತಕದಲ್ಲಿ ಹಾಯಿಸಿಯೇ ತನ್ನಿ. ನೋಟ್‌ಪ್ಯಾಡ್ ಬಳಸುವುದಾದರೆ ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಲಿ. 'ಆನ್ಸಿ'ಯಲ್ಲಿ ಉಳಿಸಿ ಮುಚ್ಚಿದ ಕಡತದಲ್ಲಿ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಅದನ್ನು ಯಾವ ಪರಿವರ್ತಕವೂ ಹಿಂದಕ್ಕೆ ತಾರದು.

ಇನ್ನು ಪೋಸ್ಟಿನ ವಿಳಾಸ. ಕನ್ನಡ ತಲೆಬರಹದ ಒಂದೊಂದು ಯೂನಿಕೋಡ್ ಅಕ್ಷರವೂ ವಿಳಾಸದಲ್ಲಿ 9 ಸ್ಥಾನ ತಿನ್ನುತ್ತದೆ. ವರ್ಡ್‌ಪ್ರೆಸ್ ಕೊಡುವುದು 200 ಸ್ಥಾನ ಮಾತ್ರ. ಒತ್ತು, ಸ್ವರಚಿಹ್ನೆಗಳೂ ಲೆಕ್ಕಕ್ಕೆ ಬರುವುದರಿಂದ 22 ಅಕ್ಷರಕ್ಕೇ ಜಾಗ ಮುಗಿಯಿತು. 'ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದು ಹೇಗೆ' ಎಂದು ಕೊಟ್ಟರೆ ವಿಳಾಸ 'ದ್ರಾವ' ಎಂಬಲ್ಲಿಗೇ ತುಂಡಾಗುತ್ತದೆ. ವಾಟ್ಸ್ಯಾಪಿನಲ್ಲಿ ಹಂಚಿದಾಗ ಅದು ಉದ್ದನೆಯ ಶೇಕಡಾ ಚಿಹ್ನೆಗಳ ಸಾಲಾಗಿ ಕಾಣುವುದೂ ಉಂಟು. ಆದ್ದರಿಂದ ಕಳಿಸುವ ಮೊದಲೇ ಪೋಸ್ಟಿನ ಪ್ರಾಪರ್ಟೀಸ್ ತೆರೆದು 'ಸ್ಲಗ್' (ವಿಳಾಸದ ಕೊನೆಯ ಭಾಗ) ಎಂಬಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಪದ ಬರೆದುಬಿಡಿ.

ಫೋಟೋಗಳನ್ನು ಫೋನಿನಿಂದ ತಂದ ಹಾಗೇ ಹಾಕಬೇಡಿ. 4-5 ಎಂಬಿಯ ಆರು ಫೋಟೋ ಸೇರಿದರೆ ಸಣ್ಣ ಸಿಗ್ನಲ್ಲಿನಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ಜೆಪೆಗ್ ಗುಣಮಟ್ಟ 80ಕ್ಕೆ ಇಟ್ಟರೆ ಸಾಮಾನ್ಯವಾಗಿ ಒಂದೊಂದೂ ಕೆಲವು ನೂರು ಕೆಬಿಗೆ ಬರುತ್ತದೆ. ತೋಟದ ಹಸಿರು ಏನೂ ಕೆಡುವುದಿಲ್ಲ.

ಒಮ್ಮೆ ಕಳಿಸಿದ ಬರಹ ವರ್ಡ್‌ಪ್ರೆಸ್‌ನಲ್ಲಿ ಕ್ಲಾಸಿಕ್ ಬ್ಲಾಕ್ ಆಗಿ, ಅಂದರೆ ಇಡೀ ಬರಹ ಒಂದೇ ತುಂಡಾಗಿ, ಕೂರುತ್ತದೆ. ಅಲ್ಲಿ 'ಕನ್ವರ್ಟ್ ಟು ಬ್ಲಾಕ್ಸ್' ಒತ್ತಿದಿರೋ, ಆಮೇಲಿನ ತಿದ್ದುಪಡಿಯೆಲ್ಲ ಬ್ರೌಸರಿನಲ್ಲೇ ಮಾಡಿ. ಎರಡೂ ಕಡೆ ತಿದ್ದಿದರೆ ಗೊಂದಲ.

ಯುಪಿಎಸ್ ಇದ್ದರೂ ಪ್ರತಿ ಪ್ಯಾರಾಕ್ಕೆ ಕಂಟ್ರೋಲ್-ಎಸ್ ಒತ್ತುವುದು ರೂಢಿಯಾಗಲಿ. ಬರಹಗಳೆಲ್ಲ ಡಾಕ್ಯುಮೆಂಟ್ಸ್‌ನಲ್ಲಿರುವ 'ಮೈ ವೆಬ್‌ಲಾಗ್ ಪೋಸ್ಟ್ಸ್' ಫೋಲ್ಡರಿನಲ್ಲಿ ಇರುತ್ತವೆ. ವಾರಕ್ಕೊಮ್ಮೆ ಅದನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ, ಸಿಡಿಲಿನ ದಿನ ಅದನ್ನು ಕಂಪ್ಯೂಟರಿಗೆ ಚುಚ್ಚಿ ಬಿಡಬೇಡಿ.